ಅಜ್ಜ ಮನೆಯಲ್ಲಿದ್ದ ಆರು ತಿಂಗಳು

ಪ್ರಶ್ನೆ: ನಮ್ಮ ಅಜ್ಜ ಹೊನ್ನಾವರ ಕಡೆಯ ಯಕ್ಷಗಾನ ಕಲಾವಿದರು. ಹತ್ತಿರ ಹತ್ತಿರ 50 ವರ್ಷ ಮೇಳ, ಅಂದರೆ ಊರೂರು ಸುತ್ತುವ ಯಕ್ಷಗಾನ ತಂಡದ ಜೊತೆ ತಿರುಗಿದವರು. ಈ ಚೈತ್ರದಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡರು. ವರ್ಷಾಂತಿಕದ ಹೊತ್ತಿಗೆ ಒಂದು ಸಣ್ಣ ನೆನಪಿನ ಪುಸ್ತಕ ಮಾಡಬೇಕು ಅಂತ ಮನೆಯಲ್ಲಿ ಎಲ್ಲರ ಆಸೆ. ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ನುಡಿನಮನದ ದಿನ ಮಾತಾಡಿದವರೆಲ್ಲ ಅಜ್ಜನ ಕೀಚಕ, ದುಷ್ಟಬುದ್ಧಿ, ಭಸ್ಮಾಸುರನ ಬಗ್ಗೆಯೇ ಹೇಳಿದರು. ದೊಡ್ಡಪ್ಪ ಆರು ಪುಟ ಬರೆದುಕೊಟ್ಟಿದ್ದಾರೆ. ಅದರಲ್ಲಿ ನಾಲ್ಕು ಪುಟ ಸನ್ಮಾನಗಳ ಪಟ್ಟಿ. ನನಗೆ ಗೊತ್ತಿದ್ದ ಅಜ್ಜ ಬೇರೆ. ಮನೆಯಲ್ಲಿ ಅವರ ದನಿ ಪಕ್ಕದ ಕೋಣೆಗೂ ಕೇಳಿಸುತ್ತಿರಲಿಲ್ಲ. ಅಜ್ಜಿಯನ್ನು ಕೇಳಿದರೆ “ಆಟದ ಸುದ್ದಿ ಯಂಗೆ ಗೊತ್ತಿಲ್ಲೆ, ಅವು ಮನೇಲಿದ್ದಿದ್ದು ಮಳೆಗಾಲದಲ್ಲಿ ಮಾತ್ರ” ಅಂತ ಸುಮ್ಮನಾಗುತ್ತಾರೆ. ಹುಟ್ಟಿದ ವರ್ಷದಲ್ಲೂ ಗೊಂದಲ. ಶಾಲೆಯ ದಾಖಲೆಯಲ್ಲಿ 1-6-1936 ಇದೆ. ಅಜ್ಜನ ತಂಗಿ ಹೇಳುವುದು ಬಹುಧಾನ್ಯ ಸಂವತ್ಸರದ ಶ್ರಾವಣ. ಅಟ್ಟದ ಮೇಲೆ ಎರಡು ಟ್ರಂಕ್ ತುಂಬ ಕ್ಯಾಸೆಟ್, ಫೋಟೋ, ಹ್ಯಾಂಡ್‌ಬಿಲ್, ಡೈರಿ, ಗೆಜ್ಜೆ, ಬಣ್ಣದ ಡಬ್ಬಿ ಇವೆ. ಇನ್ನೊಂದು ವಿಷಯ. ಅಪ್ಪನಿಗೆ ಮೇಳ ಸೇರುವ ಆಸೆ ಇತ್ತು. ಅಜ್ಜ ಬಿಡಲಿಲ್ಲ. ಆ ಬೇಸರ ಅಪ್ಪನಿಗೆ ಇನ್ನೂ ಇದೆ. ಇದನ್ನೆಲ್ಲ ಬರೆಯಬಹುದಾ? ಎಲ್ಲಿಂದ ಶುರು ಮಾಡಲಿ?
ಒಬ್ಬ ಮೊಮ್ಮಗಳು, ಬೆಂಗಳೂರು

ಉತ್ತರ: ತಂಗಿ, ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ನಿಮ್ಮ ಅಜ್ಜಿ ಆಗಲೇ ಹೇಳಿಬಿಟ್ಟಿದ್ದಾರೆ. ನೀವು ಅದನ್ನು ಉತ್ತರ ಅಂತ ತೆಗೆದುಕೊಳ್ಳಲಿಲ್ಲ, ಅಷ್ಟೇ.

ಒಂದು ಲೆಕ್ಕ ಹಾಕೋಣ. ಮೇಳ ಹೊರಡುವುದು ದೀಪಾವಳಿ ಕಳೆದ ಮೇಲೆ. ಗೆಜ್ಜೆ ಬಿಚ್ಚುವುದು ಮೇ ಕೊನೆಗೆ, ಪಡುವಣದಲ್ಲಿ ಮೋಡ ಕಟ್ಟುವಾಗ. ನಡುವೆ ಆರು ತಿಂಗಳು, ದಿನಾ ರಾತ್ರಿ ಆಟ, ಅಂದರೆ ಯಕ್ಷಗಾನ ಪ್ರದರ್ಶನ. ಈ ಆರು ತಿಂಗಳೇ ಒಂದು ತಿರುಗಾಟ. ತಿರುಗಾಟಕ್ಕೆ 180 ರಾತ್ರಿ ಅಂತ ಹಿಡಿದರೆ 50 ತಿರುಗಾಟಕ್ಕೆ 9000 ರಾತ್ರಿ. ನುಡಿನಮನದಲ್ಲಿ ಮಾತಾಡಿದವರು ನೋಡಿದ್ದು ಈ 9000 ರಾತ್ರಿಗಳಲ್ಲಿ ಕೆಲವನ್ನು. ಹಾಗಾದರೆ ವರ್ಷದ ಇನ್ನರ್ಧ? ಅಜ್ಜಿ “ಮಳೆಗಾಲದಲ್ಲಿ ಮಾತ್ರ” ಅಂದರಲ್ಲ, ಅದು 50 ಮಳೆಗಾಲ. ಅಜ್ಜನ ಅರ್ಧ ಬಾಳು ಅದು. ಅದನ್ನು ಕಂಡವರು ಮೇಳದಲ್ಲಿ ಒಬ್ಬರೂ ಇಲ್ಲ. ಕಂಡವರು ನಿಮ್ಮ ಅಡುಗೆಮನೆಯಲ್ಲಿ ಕೂತಿದ್ದಾರೆ.

ಈ ಮಾತನ್ನು ನಾನು ಕಲಿತಿದ್ದು ಪೆಟ್ಟು ತಿಂದೇ. ಹಿರಿಯ ಕಲಾವಿದರ ನೆನಪುಗಳನ್ನು ಬರೆದಿಡುವ ಹುಚ್ಚು ಹತ್ತಿದ ಹೊಸತು. ಸಿದ್ದಾಪುರ ಕಡೆ ಒಬ್ಬ ವಯಸ್ಸಾದ ಮದ್ದಳೆಗಾರರನ್ನು ಕೂರಿಸಿಕೊಂಡು ಮೂರು ತಾಸು ಮಾತಾಡಿಸಿದೆ. ಬರೀ ತಾಳ, ಮುಕ್ತಾಯ, ಆಟದ ಪದ ಹಾಡುವ ಯಾವ ಭಾಗವತರಿಗೆ ಎಷ್ಟು ವರ್ಷ ಸಾಥ್ ಕೊಟ್ಟರು ಅನ್ನುವುದು. ಅವರ ಹೆಂಡತಿ ಮೂರು ಸಲ ಚಹಾ ತಂದಿಟ್ಟು ಹೋದರು. ಹೊರಡುವಾಗ ಬಾಗಿಲಲ್ಲಿ ನಿಂತು ನಗುತ್ತಾ ಕೇಳಿದರು: “ಬೆರಳು ಒಡೆದು ರಕ್ತ ಬಂದಾಗ ತುತ್ತು ಮಾಡಿ ಬಾಯಿಗೆ ಹಾಕ್ತಿದ್ದವರು ಯಾರು ಅಂತ ಕೇಳಲೇ ಇಲ್ಲ ನೀವು.” ಮುಂದಿನ ಸಲ ಕೇಳುತ್ತೇನೆ ಅಂದೆ. ಮುಂದಿನ ಸಲ ಹೋಗುವಾಗ ಆ ಅಮ್ಮ ಬದುಕಿರಲಿಲ್ಲ. ನನ್ನ ಹತ್ತಿರ ಈಗಲೂ ಆ ಮೂರು ತಾಸಿನ ತಾಳದ ವಿವರ ಇದೆ. ಅದು ಪುಸ್ತಕಗಳಲ್ಲೂ ಸಿಗುತ್ತದೆ.

ಹಾಗಾಗಿ ನನ್ನ ಸಲಹೆ ಇದು. ಅಜ್ಜನ ಬಾಳನ್ನು ಇಸವಿ ಹಿಡಿದು ಬರೆಯಬೇಡಿ. ಹುಟ್ಟು, ಶಾಲೆ, ಮೊದಲ ವೇಷ, ಮದುವೆ, ಪ್ರಶಸ್ತಿ, ನಿಧನ ಅಂತ ಹೋದರೆ ಯಾವ ಕಲಾವಿದನ ಬಾಳೂ ಒಂದೇ ಥರ ಕಾಣುತ್ತದೆ. ಅವರ ಒಂದು ವರ್ಷವನ್ನು ಹಿಡಿಯಿರಿ. ಮೇ ಕೊನೆಯಲ್ಲಿ ಟ್ರಂಕ್ ಹೊತ್ತು ಮನೆಗೆ ಬರುವಲ್ಲಿಂದ ಶುರು ಮಾಡಿ, ಮತ್ತೆ ಮೇಯಲ್ಲಿ ಮನೆಗೆ ಬರುವಲ್ಲಿಗೆ ಮುಗಿಸಿ. ಆ ಒಂದು ವರ್ಷದೊಳಗೆ 1960ರ ಮಳೆಗಾಲವೂ ಬರಲಿ, 1995ರ ಮಳೆಗಾಲವೂ ಬರಲಿ. ಜೂನ್ ಬಗ್ಗೆ ಬರೆಯುವಾಗ ಎಲ್ಲ ಜೂನ್‌ಗಳ ಸುದ್ದಿ ಒಂದು ಕಡೆ ಸೇರಲಿ. ಮನೆಯ ಅಜ್ಜ ಮತ್ತು ಆಟದ ಅಜ್ಜ ಇಬ್ಬರನ್ನು ಹೇಗೆ ಹೊಂದಿಸುವುದು ಅನ್ನುವ ನಿಮ್ಮ ಚಿಂತೆಯೂ ಆಗ ಅರ್ಧ ಕಡಿಮೆಯಾಗುತ್ತದೆ. ಯಾಕೆಂದರೆ ವರ್ಷವೇ ಅವರನ್ನು ಹೊಂದಿಸಿಟ್ಟಿತ್ತು.

ಮಳೆಗಾಲದಲ್ಲಿ ಏನೇನು ಇರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಅಜ್ಜಿಯನ್ನು ಕೇಳಲು ದಾರಿಯಾಗುತ್ತದೆ.

ಮೊದಲು ನಿದ್ದೆ. ಆರು ತಿಂಗಳು ರಾತ್ರಿ ಎಚ್ಚರ, ಹಗಲು ನಿದ್ದೆ ಮಾಡಿದ ದೇಹ ಊರಿನ ಲೆಕ್ಕಕ್ಕೆ ಬರಲು ದಿನ ಹಿಡಿಯುತ್ತದೆ. ನಾನು ಮಾತಾಡಿಸಿದ ಎಷ್ಟೋ ಮನೆಗಳಲ್ಲಿ ಇದು ಬಂದಿದೆ. ಮಕ್ಕಳಿಗೆ “ಗಲಾಟೆ ಮಾಡಬೇಡಿ, ಮಲಗಿದ್ದಾರೆ” ಅಂತ ಗದರಿಸುವುದು, ನಡುರಾತ್ರಿ ಎರಡಕ್ಕೆ ಎದ್ದು ಜಗುಲಿಯಲ್ಲಿ ಕೂತಿರುವ ಗಂಡ. ನಿಮ್ಮ ಮನೆಯಲ್ಲಿ ಹೇಗಿತ್ತು, ಕೇಳಿ.

ಆಮೇಲೆ ತೋಟ. ಅಡಿಕೆ ಇದ್ದರೆ ಮಳೆ ಹಿಡಿಯುವ ಮೊದಲೇ ಕೊಳೆರೋಗಕ್ಕೆ ಮದ್ದು ಹೊಡೆಸಬೇಕು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್. ಬೋರ್ಡೋ ಮದ್ದಿನ ಈ ಲೆಕ್ಕ ನಮ್ಮ ಕಡೆ ಯಾರಿಗೂ ಬಾಯಿಪಾಠ. ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಂದು ಸಲ. ಹಿಂದಿನ ರಾತ್ರಿಯವರೆಗೆ ಕಿರೀಟ ಹೊತ್ತ ಮನುಷ್ಯ ಮರುವಾರ ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಹಾಕಿಕೊಂಡು, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ಹಿಂದೆ ನಿಂತಿರುತ್ತಾನೆ. ತೋಟ ಇಲ್ಲದವರಿಗೆ ಗದ್ದೆ. ಎರಡೂ ಇಲ್ಲದ ಕಲಾವಿದರೂ ಬಹಳ. ಅವರಿಗೆ ಮಳೆಗಾಲ ಅಂದರೆ ಸಾಲದ ಕಾಲ.

ಇಲ್ಲಿ ಮುಂಗಡದ ವಿಷಯ ಬರುತ್ತದೆ. ಅದನ್ನು ತಪ್ಪದೆ ಕೇಳಿ. ಮಳೆಗಾಲದಲ್ಲಿ ಕೈಯಲ್ಲಿ ಕಾಸು ಇರುವುದಿಲ್ಲ. ಮೇಳದ ಯಜಮಾನರ ಹತ್ತಿರ ಮುಂಗಡ ತರುವುದು. ತಂದ ಮೇಲೆ ಮುಂದಿನ ತಿರುಗಾಟ ಅದೇ ಮೇಳದಲ್ಲಿ. ಎಷ್ಟೋ ಮಗಳಂದಿರ ಮದುವೆ, ಎಷ್ಟೋ ಮನೆಗಳ ಹಂಚು, ಆಸ್ಪತ್ರೆ ಖರ್ಚು ಈ ಮುಂಗಡದಲ್ಲೇ ನಡೆದಿದೆ. ಒಬ್ಬ ಕಲಾವಿದ ಒಂದು ಮೇಳ ಬಿಟ್ಟು ಇನ್ನೊಂದಕ್ಕೆ ಯಾಕೆ ಹೋದರು ಅನ್ನುವುದಕ್ಕೆ ಅಭಿಮಾನಿಗಳು ದೊಡ್ಡ ದೊಡ್ಡ ಕಾರಣ ಹೇಳುತ್ತಾರೆ. ಮನೆಯವರನ್ನು ಕೇಳಿದರೆ ಬಹಳ ಸಲ ಕಾರಣ ಒಂದು ಮದುವೆಯ ಖರ್ಚು.

ಇನ್ನು ತಾಳಮದ್ದಳೆ. ಮಳೆ ಸುರಿಯುವಾಗ ವೇಷ ಇಲ್ಲ, ಕುಣಿತ ಇಲ್ಲ. ಯಾರದ್ದೋ ಮನೆ ಜಗುಲಿಯಲ್ಲಿ, ದೇವಸ್ಥಾನದ ಪೌಳಿಯಲ್ಲಿ ಕೂತು ಅರ್ಥ ಹೇಳುವುದು, ಅಂದರೆ ಪದ್ಯವನ್ನು ಪಾತ್ರದ ಮಾತಾಗಿ ಬಿಡಿಸುವುದು. ಕೆಲವರು ಬಯಲಾಟದಲ್ಲಿ ಕುಣಿತದ ಹುಲಿ, ತಾಳಮದ್ದಳೆಯಲ್ಲಿ ಮೌನಿ. ಇನ್ನು ಕೆಲವರು ಅದರ ಉಲ್ಟಾ. ನಿಮ್ಮ ಅಜ್ಜ ಯಾವ ಥರ? ಅರ್ಥ ಬರೆದ ನೋಟ್‌ಬುಕ್ ಟ್ರಂಕಿನಲ್ಲಿ ಇದೆಯಾ ನೋಡಿ. ಇದ್ದರೆ ಅದು ಸನ್ಮಾನ ಪತ್ರಗಳಿಗಿಂತ ಜಾಸ್ತಿ ಬೆಲೆಯದು. ಮಳೆಗಾಲದಲ್ಲೇ ಮುಂಬಯಿ, ಬೆಂಗಳೂರು ಕಡೆ ಆಟಕ್ಕೆ ಹೋಗುವುದೂ ಇತ್ತು. ಅಲ್ಲಿಂದ ಮನೆಗೆ ಏನು ತರುತ್ತಿದ್ದರು ಅಂತ ಅತ್ತೆಯಂದಿರನ್ನು ಕೇಳಿ. ಅವರಿಗೆ ನೆನಪಿದ್ದೇ ಇರುತ್ತದೆ.

ಅಜ್ಜಿಯನ್ನು ಕೇಳುವ ಬಗೆ ಹೇಳಿಬಿಡುತ್ತೇನೆ. “ಅಜ್ಜ ಹೇಗಿದ್ದರು?” ಅಂತ ಕೇಳಿದರೆ “ಒಳ್ಳೆಯವರಿದ್ದರು” ಅನ್ನುತ್ತಾರೆ. ಮುಗಿಯಿತು. ವಸ್ತು ಹಿಡಿದು ಕೇಳಿ, ಜಾಗ ಹಿಡಿದು ಕೇಳಿ. ಮೇಳದಿಂದ ಬಂದ ದಿನ ಏನು ಅಡುಗೆ? ಕಿವಿಯ ಹಿಂದೆ ಉಳಿದ ಬಣ್ಣ ಯಾವುದರಲ್ಲಿ ಹೋಗುತ್ತಿತ್ತು? ಟ್ರಂಕ್ ಎಲ್ಲಿ ಇಡುತ್ತಿದ್ದರು? ಮನಿ ಆರ್ಡರ್ ಯಾವ ಹೆಸರಿಗೆ ಬರುತ್ತಿತ್ತು, ನಿಮ್ಮ ಹೆಸರಿಗಾ, ಮಾವನವರ ಹೆಸರಿಗಾ? ಮಗು ಹುಟ್ಟಿದ ಸುದ್ದಿ ಅವರಿಗೆ ಮುಟ್ಟಿದ್ದು ಯಾವ ಊರಿನ ಕ್ಯಾಂಪಿನಲ್ಲಿ? ನೀವು ಅವರ ಆಟ ನೋಡಿದ್ದು ಎಷ್ಟು ಸಲ? ಈ ಕೊನೆಯ ಪ್ರಶ್ನೆಗೆ ಉತ್ತರ ಕೇಳಿ ಆಶ್ಚರ್ಯ ಆದರೂ ಮುಖದಲ್ಲಿ ತೋರಿಸಬೇಡಿ. ಇಡೀ ಜಿಲ್ಲೆ ನೋಡಿದ ಕೀಚಕನನ್ನು ಹೆಂಡತಿ ಒಮ್ಮೆಯೋ ಎರಡು ಸಲವೋ ನೋಡಿರುತ್ತಾರೆ. ಕೊಟ್ಟಿಗೆಯಲ್ಲಿ ದನ ಇತ್ತು, ಮನೆಯಲ್ಲಿ ಸಣ್ಣ ಮಕ್ಕಳು, ಅತ್ತೆ ಮಾವ. ರಾತ್ರಿ ಇಡೀ ಆಟ ನೋಡುವವರು ಯಾರು?

ನಲವತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ. ಫೋನಿನಲ್ಲೇ ರೆಕಾರ್ಡ್ ಮಾಡಿ, ಸಾಕು. ಏರ್‌ಪ್ಲೇನ್ ಮೋಡ್ ಹಾಕಿ. ಶುರುವಿನಲ್ಲಿ ತಾರೀಕು, ಊರು, ಯಾರು ಯಾರು ಇದ್ದೀರಿ ಅಂತ ನಿಮ್ಮ ದನಿಯಲ್ಲೇ ಹೇಳಿಡಿ. ಜೊತೆಗೆ ಅಜ್ಜನ ತಂಗಿಯನ್ನೂ ಕೂರಿಸಿದರೆ ಒಳ್ಳೆಯದು. ಇಬ್ಬರು ಮುದುಕಿಯರು ಸೇರಿದರೆ ಒಬ್ಬರ ನೆನಪು ಇನ್ನೊಬ್ಬರದನ್ನು ಎಬ್ಬಿಸುತ್ತದೆ. ಆದರೆ “ಹಂಗಲ್ಲ, ಅದು ಆ ವರ್ಷ ಅಲ್ಲ” ಅಂತ ನಡುವೆ ಬಾಯಿ ಹಾಕುವ ಗಂಡಸೊಬ್ಬರು ಎಲ್ಲ ಮನೆಯಲ್ಲೂ ಇರುತ್ತಾರೆ. ಅವರಿಗೆ ಆ ಹೊತ್ತಿಗೆ ತೋಟದಲ್ಲಿ ಒಂದು ಕೆಲಸ ಹುಡುಕಿ.

ಆಟದ ಅಜ್ಜನ ಬಗ್ಗೆಯೂ ಬರೆಯಲೇಬೇಕು, ಬಿಡುವ ಹಾಗಿಲ್ಲ. ಆದರೆ ವೇದಿಕೆ ಮೇಲೆ ಮಾತಾಡಿದವರನ್ನೇ ಮತ್ತೆ ಕೇಳಬೇಡಿ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಪಕ್ಕದಲ್ಲಿ ಕೂತು ಬಣ್ಣ ಹಚ್ಚುತ್ತಿದ್ದವರು, ವೇಷ ಕಟ್ಟಿಕೊಡುತ್ತಿದ್ದವರು, ಮೇಳದ ಅಡುಗೆಯವರು, ವ್ಯಾನ್ ಓಡಿಸುತ್ತಿದ್ದವರು ಯಾರಾದರೂ ಬದುಕಿದ್ದರೆ ಅವರ ಮನೆಗೆ ಹೋಗಿ. ಎದುರು ಸ್ತ್ರೀವೇಷ ಮಾಡುತ್ತಿದ್ದವರು ಸಿಕ್ಕರಂತೂ ಬಿಡಬೇಡಿ. ಕೀಚಕ ಹೇಗಿದ್ದ ಅಂತ ಸೈರಂಧ್ರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಡೈರಿ ಓದುವಾಗ ಒಂದು ಎಚ್ಚರ. ಅದರಲ್ಲಿ “ಎರಡನೇ ವೇಷ” ಅಂತ ಬರೆದಿದ್ದರೆ ಅಜ್ಜ ಎರಡನೇ ದರ್ಜೆಯವರು ಅಂತ ತಿಳಿಯಬೇಡಿ. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನಲ್ಲಿ ಎರಡನೇ ವೇಷ ಅಂದರೆ ಮೇಳದ ಮುಖ್ಯ ವೇಷಧಾರಿಯ ಸ್ಥಾನ. ಮೊದಲನೇ ವೇಷ ಭಾಗವತರದ್ದು ಅಂತ ಮೇಳದವರ ಲೆಕ್ಕ. ಒಂದು ನೆನಪಿನ ಸಂಚಿಕೆಯಲ್ಲಿ ಇದನ್ನು ತಪ್ಪು ತಿಳಿದು “ಮೊದಲು ಎರಡನೇ ವೇಷಗಳನ್ನು ಮಾಡುತ್ತಿದ್ದ ಇವರು ಕ್ರಮೇಣ ಮೇಲೆ ಬಂದರು” ಅಂತ ಅಚ್ಚು ಹಾಕಿದ್ದನ್ನು ಓದಿ ನಕ್ಕಿದ್ದೇನೆ.

ಮತ್ತೆ ಹೋಲಿಕೆಯ ಚಟ. ನಮ್ಮ ಕಡೆಯ ಯಾವ ವೇಷಧಾರಿಯ ಬಗ್ಗೆ ಬರೆದರೂ ಎರಡನೇ ಪ್ಯಾರಾದಲ್ಲಿ ಕೆರೆಮನೆಯವರು, ಚಿಟ್ಟಾಣಿಯವರು ಬರುತ್ತಾರೆ. ಬರುವುದು ಸಹಜ. ಹೊನ್ನಾವರ ತಾಲೂಕಿನಲ್ಲಿ ಹುಟ್ಟಿ ಆ ನೆರಳು ಬೀಳದೆ ಬೆಳೆಯುವುದು ಹೇಗೆ? ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಗುಣವಂತೆಯಿಂದ ಇವತ್ತಿಗೂ ನಡೆಯುತ್ತಿದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಂಬತ್ತರ ಹತ್ತಿರ, ಆಗಲೂ ಗೆಜ್ಜೆ ಬಿಚ್ಚಿರಲಿಲ್ಲ. ಕೀಚಕ, ಭಸ್ಮಾಸುರ, ದುಷ್ಟಬುದ್ಧಿ ಅಂದ ಕೂಡಲೇ ಜನರ ಕಣ್ಣಿಗೆ ಬರುವುದು ಅವರೇ. ಅದೇ ಪಾತ್ರಗಳನ್ನು ನಿಮ್ಮ ಅಜ್ಜನೂ ಮಾಡಿದ್ದಾರೆ ಅಂದರೆ ಒಂದು ಪ್ರಶ್ನೆ ಏಳುತ್ತದೆ. ಚಿಟ್ಟಾಣಿಯವರ ಕೀಚಕ ನೋಡಿದ ಸಭೆಯ ಎದುರು ಇನ್ನೊಬ್ಬ ಕೀಚಕ ಹೇಗೆ ನಿಂತ? ಅವರ ಹಾಗೇ ಮಾಡಿದರಾ, ಬೇಕೆಂದೇ ಬೇರೆ ಮಾಡಿದರಾ? “ಅವರಷ್ಟೇ ಸಮರ್ಥರು” ಅಂತ ಒಂದು ಸಾಲು ಬರೆಯುವುದಕ್ಕಿಂತ ಇದನ್ನು ಹಾಡು, ಮದ್ದಳೆ, ಚಂಡೆಯ ಹಿಮ್ಮೇಳದ ಯಾರನ್ನಾದರೂ ಕೇಳಿ ಎರಡು ಪುಟ ಬರೆಯಿರಿ. ಹೆಸರುವಾಸಿಯಾದವರ ಬಗ್ಗೆ ಪುಸ್ತಕಗಳು ಬಂದಿವೆ. ಅವರ ಸುತ್ತ ಪ್ರತಿ ರಾತ್ರಿ ಆಟ ನಿಲ್ಲಿಸಿದ ನೂರಾರು ಜನರ ಬಗ್ಗೆ ಬರೆದದ್ದು ಕಡಿಮೆ.

ಈಗ ಇಸವಿಗಳು. ಇಸವಿ ಹಿಡಿದು ಬರೆಯಬೇಡಿ ಅಂದೆ, ತಪ್ಪು ಇಸವಿ ಹಾಕಿ ಅನ್ನಲಿಲ್ಲ.

ಜೂನ್ 1 ಅಂತ ಕಂಡ ಕೂಡಲೇ ಅನುಮಾನ ಪಡಿ. ಆ ಕಾಲದಲ್ಲಿ ಶಾಲೆ ಶುರುವಾಗುವುದು ಜೂನ್‌ನಲ್ಲಿ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರರು ಜೂನ್ 1 ಹಾಕುತ್ತಿದ್ದರು. ಬೇಗ ಸೇರಿಸಲು ವಯಸ್ಸು ಒಂದೆರಡು ವರ್ಷ ಹೆಚ್ಚು ಬರೆಸುವುದೂ ಇತ್ತು. ಸಂವತ್ಸರದ ಲೆಕ್ಕ ಅದಕ್ಕಿಂತ ಗಟ್ಟಿ, ಯಾಕೆಂದರೆ ಅದು ಬಂದಿದ್ದು ಜಾತಕದಿಂದ ಅಥವಾ ಮನೆಯ ಬಾಯಿಂದ. ಬಹುಧಾನ್ಯ ಅಂದರೆ 1938ರ ಯುಗಾದಿಯಿಂದ 1939ರ ಯುಗಾದಿವರೆಗೆ. ಶ್ರಾವಣ ಅಂದರೆ 1938ರ ಜುಲೈ ಅಥವಾ ಆಗಸ್ಟ್. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುವುದರಿಂದ ಹಿಂದಿನ ಬಹುಧಾನ್ಯ 1878, ಮುಂದಿನದು 1998. ತಪ್ಪುವ ಪ್ರಶ್ನೆಯೇ ಇಲ್ಲ. ನೀವು ಹೇಳಿದ 86 ಕೂಡ ಇದಕ್ಕೇ ಸರಿಹೋಗುತ್ತದೆ. ಪುಸ್ತಕದಲ್ಲಿ 1938 ಅಂತ ಹಾಕಿ, ಶಾಲೆಯ ದಾಖಲೆ ಬೇರೆ ಹೇಳುತ್ತದೆ ಅಂತ ಒಂದು ಸಾಲು ಸೇರಿಸಿ.

ಹ್ಯಾಂಡ್‌ಬಿಲ್‌ಗಳು ನಿಮ್ಮ ದೊಡ್ಡ ಆಸ್ತಿ. ಆದರೆ ಅವುಗಳಲ್ಲಿ ಎಷ್ಟೋ ಸಲ ತಾರೀಕು, ವಾರ ಇರುತ್ತದೆ, ಇಸವಿ ಇರುವುದಿಲ್ಲ. ನಾಳೆಯ ಆಟಕ್ಕೆ ಯಾರು ಇಸವಿ ಹಾಕುತ್ತಾರೆ? ಹೆದರಬೇಡಿ. ತಾರೀಕು ಮತ್ತು ವಾರ ಎರಡೂ ಇದ್ದರೆ ಇಸವಿ ಸಿಕ್ಕಿದ ಹಾಗೇ. ಉದಾಹರಣೆಗೆ “14ನೇ ಫೆಬ್ರುವರಿ, ಶನಿವಾರ” ಅಂತ ಇದೆ ಅನ್ನಿ. 1960ರಿಂದ 1990ರ ನಡುವೆ ಇದು ಹೊಂದುವುದು 1970, 1976, 1981, 1987ಕ್ಕೆ. ಫೋನಿನ ಕ್ಯಾಲೆಂಡರ್ ಹಿಂದಕ್ಕೆ ಸರಿಸಿದರೆ ನೀವೇ ನೋಡಬಹುದು. ಹೀಗೆ ಸಿಕ್ಕ ಇಸವಿಗಳಲ್ಲಿ ಒಂದನ್ನು ಆರಿಸಲು ಕಾಗದವನ್ನೇ ಓದಿ. ಟಿಕೆಟ್ ದರ ಆಣೆಯಲ್ಲಿ ಮಾತ್ರ ಇದ್ದರೆ 1957ರ ಹಿಂದಿನದ್ದು ಇರಬಹುದು. ಆ ವರ್ಷದ ಏಪ್ರಿಲ್‌ನಲ್ಲಿ ನಯೇ ಪೈಸೆ ಬಂತು, ಆದರೂ ಜನರ ಬಾಯಲ್ಲಿ ಆಣೆ ಇನ್ನೂ ಕೆಲವು ವರ್ಷ ಉಳಿಯಿತು. “ನ.ಪೈ.” ಅಂತ ಇದ್ದರೆ 1957ರಿಂದ 1964ರ ನಡುವೆ, ಆಮೇಲೆ ಬರೀ ಪೈಸೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. “ಮೈಸೂರು ರಾಜ್ಯ” ಅಂತ ಇದ್ದರೆ 1973ರ ನವೆಂಬರ್‌ಗಿಂತ ಹಿಂದೆ. ಅದಕ್ಕೂ ಹಿಂದೆ, 1956ರ ನವೆಂಬರ್‌ವರೆಗೆ, ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅಜ್ಜ ಮುಲ್ಕಿ ಪರೀಕ್ಷೆ, ಅಂದರೆ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಪಾಸಾಗಿದ್ದರು ಅಂತ ಯಾರಾದರೂ ಹೇಳಿದರೆ ಅದು ಆ ಕಾಲದ ಮಾತು. ಮುಲ್ಕಿ ಅನ್ನುವ ಊರಿಗೂ ಅದಕ್ಕೂ ಸಂಬಂಧ ಇಲ್ಲ.

ಅಜ್ಜಿಯ ಹತ್ತಿರ ಇಸವಿ ಕೇಳಬೇಡಿ. ಶಿರಸಿ ಮಾರಿ ಜಾತ್ರೆಯ ವರ್ಷವಾ ಅಂತ ಕೇಳಿ, ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಅರ್ಧ ವರ್ಷಗಳು ಅಲ್ಲೇ ಬಿಟ್ಟುಹೋಗುತ್ತವೆ. ಹೊಳೆಗೆ ಸೇತುವೆ ಆದ ಮೇಲೋ, ದೋಣಿ ದಾಟುತ್ತಿದ್ದಾಗಲೋ? ಕೊಂಕಣ ರೈಲು ಬಂದಿತ್ತಾ? ರೈಲು ಪೂರ್ತಿ ಓಡಿದ್ದು 1998ರ ಜನವರಿಯಿಂದ. ಯಾವ ಮಗು ಹೊಟ್ಟೆಯಲ್ಲಿತ್ತು? ಈ ಕೊನೆಯದು ಎಂದೂ ತಪ್ಪುವುದಿಲ್ಲ.

ಟ್ರಂಕ್ ವಿಷಯ. ಮೊದಲು ಬಣ್ಣದ ಡಬ್ಬಿ. ಇದನ್ನು ಓದಿದ ಕೂಡಲೇ ಮನೆಗೆ ಫೋನ್ ಮಾಡಿ ಹೇಳಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಲಿ. ಹಳಬರು ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಬಳಸುತ್ತಿದ್ದರು. ತೆಂಗಿನೆಣ್ಣೆಯಲ್ಲಿ ಕಲಸಿ ಮುಖಕ್ಕೆ ಹಚ್ಚುವುದು. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ ಇದೆ. ಎರಡೂ ವಿಷ. ಹಳೆಯ ಪುಡಿ ಇದ್ದರೆ ಮೂಸಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಬಾವಿ ಹತ್ತಿರವೋ ತೋಟದಲ್ಲೋ ಚೆಲ್ಲಬೇಡಿ. ಮುಚ್ಚಳ ಬಿಗಿ ಮಾಡಿ, ಮೇಲೆ ಚೀಟಿ ಅಂಟಿಸಿ, ಎತ್ತರದಲ್ಲಿ ಇಡಿ. ಇದನ್ನೇ ಅವರು ಸಾವಿರಾರು ರಾತ್ರಿ ಮುಖಕ್ಕೆ ಹಚ್ಚಿಕೊಂಡಿದ್ದರು ಅಂತ ಈಗ ನೆನೆದರೆ ಎದೆ ಝಲ್ಲೆನ್ನುತ್ತದೆ. ಆಮೇಲೆ ಅಂಗಡಿಯ ಬಣ್ಣಗಳು ಬಂದವು.

ಗೆಜ್ಜೆಯನ್ನು ಹುಣಸೆಹುಳಿ ಹಾಕಿ ಫಳಫಳ ತಿಕ್ಕಬೇಡಿ. ಬೆವರು ಕುಡಿದು ಕಪ್ಪಾದ ಪಟ್ಟಿ ಹಾಗೇ ಇರಲಿ. ಭುಜಕೀರ್ತಿ, ಎದೆಕಟ್ಟು ಇದ್ದರೆ ಅವು ಹಗುರ ಮರದ ಮೇಲೆ ಬೇಗಡೆ, ಅಂದರೆ ಹೊಳೆಯುವ ತೆಳು ಹಾಳೆ ಅಂಟಿಸಿ ಮಾಡಿದ್ದು. ಒದ್ದೆ ಬಟ್ಟೆ ತಾಗಿಸಿದರೆ ಎದ್ದು ಬರುತ್ತದೆ. ಒಣ ಬ್ರಶ್ಶಿನಲ್ಲಿ ಧೂಳು ತೆಗೆಯಿರಿ, ಸಾಕು.

ಕ್ಯಾಸೆಟ್‌ಗಳನ್ನು ಹಾಕಿ ನೋಡುವ ಆತುರ ಬೇಡ. ಕರಾವಳಿಯ ಹಸಿಗೆ ಟೇಪಿನ ಮೇಲೆ ಬೂಷ್ಟು ಬಂದಿರುತ್ತದೆ. ಕಿಟಕಿಯಂಥ ಜಾಗದಿಂದ ಒಳಗೆ ನೋಡಿ. ಬಿಳಿ ಪುಡಿಯ ಹಾಗೆ ಕಂಡರೆ ಪ್ಲೇಯರಿಗೆ ಹಾಕಲೇಬೇಡಿ, ಟೇಪೂ ಹಾಳು, ಯಂತ್ರವೂ ಹಾಳು, ಅದರಿಂದ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಅಂಥದ್ದನ್ನು ಬೇರೆ ಇಟ್ಟು ಗೊತ್ತಿದ್ದವರಿಗೆ ಕೊಡಿ. ಚೆನ್ನಾಗಿರುವುದರ ಮೇಲಂಚಿನ ಎರಡು ಪ್ಲಾಸ್ಟಿಕ್ ಹಲ್ಲನ್ನು ಮೊದಲು ಮುರಿಯಿರಿ. ಆಮೇಲೆ ಯಾರ ಬೆರಳು ತಪ್ಪಿ ರೆಕಾರ್ಡ್ ಗುಂಡಿಗೆ ಬಿದ್ದರೂ ಅಳಿಸುವುದಿಲ್ಲ. ಕಂಪ್ಯೂಟರಿಗೆ ತುಂಬಿಸುವಾಗ ವೇವ್ ಫೈಲ್ ಮಾಡಿಸಿ, ಕಳಿಸಲು ಬೇಕಾದರೆ ಆಮೇಲೆ ಎಂಪಿ3 ಮಾಡಿಕೊಳ್ಳಬಹುದು. ಒಂದು ಪ್ರತಿ ಬೆಂಗಳೂರಿನಲ್ಲಿ, ಒಂದು ಊರಿನಲ್ಲಿ. ಕ್ಯಾಸೆಟ್ ಮೇಲೆ ಚಲನಚಿತ್ರ ಗೀತೆ ಅಂತ ಬರೆದಿದ್ದರೂ ಪೂರ್ತಿ ಕೇಳಿ. ಹೊಸ ಕ್ಯಾಸೆಟ್ಟಿಗೆ ದುಡ್ಡಿಲ್ಲದೆ ಹಾಡಿನ ಮೇಲೆಯೇ ತಾಳಮದ್ದಳೆ ರೆಕಾರ್ಡ್ ಮಾಡಿದ್ದು ನಾನೇ ಎಷ್ಟೋ ನೋಡಿದ್ದೇನೆ.

ಗಾಜಿಗೆ ಅಂಟಿದ ಫೋಟೋ ಕೀಳಬೇಡಿ. ಗಾಜಿನ ಸಮೇತ ಫೋಟೋ ತೆಗೆಯಿರಿ. ಲ್ಯಾಮಿನೇಶನ್ ಮಾಡಿಸಬೇಡಿ. ಹಿಂದೆ ಹೆಸರು ಬರೆಯುವುದಾದರೆ ಪೆನ್ಸಿಲ್‌ನಲ್ಲಿ. ಮತ್ತೆ, ಹೆಸರನ್ನು ಈಗಲೇ ಬರೆಯಿರಿ. ಚೌಕಿಯ ಗುಂಪು ಫೋಟೋದಲ್ಲಿ ಬಣ್ಣ ಹಚ್ಚಿದ ಹತ್ತು ಮುಖ ಇದ್ದರೆ ಗುರುತಿಸಬಲ್ಲವರು ಇನ್ನು ಮೂರೋ ನಾಲ್ಕೋ ಜನ ಉಳಿದಿರುತ್ತಾರೆ.

ಸನ್ಮಾನದ ಪಟ್ಟಿ ಕೊನೆಯ ಪುಟಕ್ಕೆ ಹೋಗಲಿ. ದೊಡ್ಡಪ್ಪನಿಗೆ ಬೇಸರ ಮಾಡಬೇಡಿ, ಅದೂ ಪ್ರೀತಿಯಿಂದ ಮಾಡಿದ ಕೆಲಸವೇ. ಅವರ ಹತ್ತಿರ ಆ ಪಟ್ಟಿಯಲ್ಲಿ ಒಂದೇ ಒಂದು ಸನ್ಮಾನದ ದಿನ ಏನಾಯಿತು ಅಂತ ಬರೆಸಿ. ಯಾರ ಗಾಡಿಯಲ್ಲಿ ಹೋದರು, ಅಜ್ಜ ಏನು ಉಟ್ಟರು, ಬರುವಾಗ ಏನು ಹೇಳಿದರು. ಕಪಾಟಿನಲ್ಲಿ ಮಡಿಸಿಟ್ಟ ಶಾಲುಗಳು ಎಷ್ಟಿವೆ ಅಂತ ನೀವು ಬರೆಯಲಿಲ್ಲ, ಆದರೆ ಇರುತ್ತವೆ ಅಂತ ನನಗೆ ಗೊತ್ತು. ಚಳಿಗಾಲದಲ್ಲಿ ಮಲಗಲು ಬರುವ ಶಾಲು ಹತ್ತರಲ್ಲಿ ಒಂದು ಇದ್ದರೆ ಪುಣ್ಯ. ಮೊಮ್ಮಕ್ಕಳಿಗೆ ಒಂದೊಂದು ಹಂಚಿ.

ಇನ್ನು ನಿಮ್ಮ ಅಪ್ಪನ ವಿಷಯ. ಇದನ್ನು ಕೊನೆಗೆ ಇಟ್ಟುಕೊಂಡೆ.

ಬರೆಯಬಹುದು. ಆದರೆ ನೀವಲ್ಲ, ಅಪ್ಪನೇ ಬರೆಯಬೇಕು. ಅವರು ಬರೆಯದಿದ್ದರೆ ಹೇಳಿಸಿ, ಹೇಳಿದ್ದನ್ನು ಓದಿ ತೋರಿಸಿ, ಅವರು ಹೂಂ ಅಂದ ಮೇಲೆ ಹಾಕಿ. ಬೇಡ ಅಂದರೆ ಬಿಟ್ಟುಬಿಡಿ. ನೆನಪಿನ ಪುಸ್ತಕ ಪಂಚಾಯ್ತಿ ಕಟ್ಟೆಯಲ್ಲ.

ಆದರೆ ಅಪ್ಪನ ಹತ್ತಿರ ಹೋಗುವ ಮೊದಲು ಒಂದು ಕೆಲಸ ಮಾಡಿ. ಅವರು ಮೇಳಕ್ಕೆ ಹೋಗುತ್ತೇನೆ ಅಂದ ವರ್ಷ ಯಾವುದು ಅಂತ ಲೆಕ್ಕ ಹಾಕಿ, ಆ ವರ್ಷದ ಡೈರಿ ತೆಗೆದು ನೋಡಿ. ಕಲಾವಿದರ ಡೈರಿಯಲ್ಲಿ ಭಾವನೆ ಹುಡುಕಬೇಡಿ, ಸಿಗುವುದಿಲ್ಲ. ಊರು, ಪ್ರಸಂಗ, ವೇಷ, ಬಂದ ದುಡ್ಡು, ಅಷ್ಟೇ ಇರುತ್ತದೆ. ಅಷ್ಟೇ ಸಾಕು. ಆ ವರ್ಷ ಮುಂಗಡ ಎಷ್ಟು ಬಾಕಿ ಇತ್ತು? ಎಷ್ಟು ರಾತ್ರಿ ಹುಷಾರಿಲ್ಲ ಅಂತ ಬರೆದಿದ್ದಾರೆ? ಮಂಡಿ ನೋವಿನ ಎಣ್ಣೆಗೆ ಎಷ್ಟು? ಬಡಗಿನಲ್ಲಿ ಮಂಡಿ ಊರಿ ಸುತ್ತು ಹಾಕಿ ಕುಣಿಯುವವರ ಮೊಣಕಾಲು ಐವತ್ತಕ್ಕೇ ಮಾತಾಡಲು ಶುರು ಮಾಡುತ್ತದೆ. ನೌಕರಿಯ ಹಾಗೆ ಪಿಂಚಣಿ ಇಲ್ಲ, ರಜೆ ಇಲ್ಲ. ಆ ತಲೆಮಾರಿನ ಎಷ್ಟೋ ಕಲಾವಿದರು ಮಕ್ಕಳಿಗೆ “ಓದು, ಇದು ನನ್ನ ಕಾಲಕ್ಕೆ ಸಾಕು” ಅಂದಿದ್ದಾರೆ.

ಎಲ್ಲರೂ ಹಾಗೆ ಅಂದಿಲ್ಲ ಅನ್ನುವುದೂ ನಿಜ. ಕೆರೆಮನೆಯಲ್ಲಿ ಶಿವರಾಮ ಹೆಗಡೆ, ಶಂಭು ಹೆಗಡೆ, ಶಿವಾನಂದ ಹೆಗಡೆ, ಅವರ ಮಗ ಅಂತ ನಾಲ್ಕು ತಲೆಮಾರು ಗೆಜ್ಜೆ ಕಟ್ಟಿದೆ. ಚಿಟ್ಟಾಣಿಯವರ ಮಕ್ಕಳೂ ವೇಷ ಮಾಡಿದರು. ಅಪ್ಪ ಇದನ್ನು ನೋಡುತ್ತಲೇ ಬೆಳೆದಿದ್ದಾರೆ. ಅವರ ಬೇಸರಕ್ಕೆ ಕಾರಣ ಇದೆ, ಅಲ್ವಾ? ಡೈರಿಯ ಆ ಪುಟ ಸಿಕ್ಕರೆ ಅಪ್ಪನ ಮುಂದೆ ಇಟ್ಟು ಸುಮ್ನೆ ಇರಿ. ನೀವು ಏನೂ ವಿವರಿಸಬೇಡಿ. ಅವರು ಏನು ಹೇಳುತ್ತಾರೋ ಅದು ನಿಮ್ಮ ಪುಸ್ತಕದ ಒಂದು ಪುಟ. ಏನೂ ಹೇಳದಿದ್ದರೆ ಡೈರಿಯ ಆ ಪುಟದ ಫೋಟೋ ಒಂದೇ ಹಾಕಿ.

ಇನ್ನೊಂದು ಚಿಕ್ಕ ಮಾತು. ಅಜ್ಜನ ದನಿ ಪಕ್ಕದ ಕೋಣೆಗೂ ಕೇಳಿಸುತ್ತಿರಲಿಲ್ಲ ಅಂದಿರಿ. ಅದಕ್ಕೆ ಕಾರಣ ಕೇಳಿದ್ದೀರಾ? ಸಾತ್ವಿಕ ಸ್ವಭಾವ ಅಂತ ಬರೆದು ಮುಗಿಸಬೇಡಿ. ರಾತ್ರಿಯಿಡೀ ಗಂಟಲು ಬಿಚ್ಚಿದವರು ಮಳೆಗಾಲದಲ್ಲಿ ಗಂಟಲಿಗೆ ರಜೆ ಕೊಡುವುದುಂಟು. ಕಾಳುಮೆಣಸಿನ ಕಷಾಯ ಕುಡಿದು ಎರಡು ತಿಂಗಳು ಪಿಸುಮಾತಿನಲ್ಲೇ ಕಳೆದ ಒಬ್ಬರು ನನಗೆ ಗೊತ್ತು. ನಿಮ್ಮ ಅಜ್ಜನದು ಸ್ವಭಾವವೋ ಅಭ್ಯಾಸವೋ, ಅಜ್ಜಿಗೆ ಗೊತ್ತಿರುತ್ತದೆ.

ಈಗ ಮಳೆ ಹಿಡಿದಿದೆ. ಹೋಗುವುದಾದರೆ ಈಗಲೇ ಹೋಗಿ, ದಸರಾ ರಜೆಗೆ ಕಾಯಬೇಡಿ. ಅಜ್ಜ ಮನೆಯಲ್ಲಿರುತ್ತಿದ್ದ ತಿಂಗಳುಗಳು ಇವೇ. ಅಜ್ಜಿಗೆ ನೆನಪು ಬರುವುದೂ ಈಗಲೇ ಜಾಸ್ತಿ. ಹಂಚಿನ ಮಾಡಾದರೆ ಮಳೆ ಜೋರಾದಾಗ ರೆಕಾರ್ಡಿಂಗಿನಲ್ಲಿ ಮಾತು ಕೇಳಿಸುವುದಿಲ್ಲ. ಮಳೆ ಬಿಟ್ಟು ಹೊಳವಾದಾಗ ಶುರು ಮಾಡಿ, ಫೋನನ್ನು ಅಜ್ಜಿಯ ಹತ್ತಿರ ಒಂದು ಮಡಿಸಿದ ಟವೆಲ್ ಮೇಲೆ ಇಡಿ. ಜಗುಲಿಗಿಂತ ಅಡುಗೆಮನೆ ಒಳ್ಳೆಯದು. ಮಾತಿನ ನಡುವೆ ದೋಸೆ ಎರೆಯಲು ಎದ್ದರೆ ರೆಕಾರ್ಡಿಂಗ್ ನಿಲ್ಲಿಸಬೇಡಿ.